ಬಸ್ಸಿಗೆ ಐರಿಸ್ ಕೊಟ್ಟ ದನಿ

ನಮ್ಮ ಊರಿನ ಹದಿನಾರು ಸೀಟಿನ ಬಸ್ಸಿಗೆ ವರ್ಷಕ್ಕೆ ವಿಮೆ ಸಾವಿರದ ಎಂಟುನೂರು ಪೌಂಡ್, ಡೀಸೆಲ್ಲಿಗೆ ಹೆಚ್ಚುಕಡಿಮೆ ಎರಡೂವರೆ ಸಾವಿರ, ಟೈರು ಬ್ರೇಕು ಎಂದು ಇನ್ನೊಂದು ಸಾವಿರ. ಡ್ರೈವರುಗಳಿಗೆ ಸಂಬಳವಿಲ್ಲ. ನಿವೃತ್ತರಾದವರು ಸರದಿಯ ಮೇಲೆ ಓಡಿಸುತ್ತಾರೆ, ಅವರ ಚಹಾ ಬಿಸ್ಕತ್ತಿನ ಖರ್ಚು ಮಾತ್ರ ನಮ್ಮದು. ಹೋದ ವರ್ಷ ನಿಲ್ದಾಣಗಳ ಹೆಸರು ಕೂಗುವ ಯಂತ್ರ ಹಾಕಿಸಿದಾಗ ಅದಕ್ಕೆ ಆರುನೂರು ಹೋಯಿತು. ಯಂತ್ರದೊಳಗೆ ತುಂಬುವ ದನಿಗೆ ಬೇರೆ ನಾನೂರು ಕೊಡಿ ಎಂದರು ಮಾರಿದವರು. ನಮ್ಮವರೇ ಯಾರಾದರೂ ಹೇಳಿ ಕೊಟ್ಟರೆ ಪುಕ್ಕಟೆ. ಸಮಿತಿಯ ಸಭೆಯಲ್ಲಿ ಪುಕ್ಕಟೆ ಎಂಬ ಮಾತು ಬಿದ್ದದ್ದೇ ತಡ, ಐರಿಸ್ ಆಕ್ರಾಯ್ಡ್ ಕೈ ಎತ್ತಿದಳು.

"ನಾನು ಹೇಳ್ತೀನಿ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಗಂಟಲು ಇದು. ಕೊನೇ ಬೆಂಚಿಗೂ ಕೇಳುತ್ತೆ."

ಉಳಿದ ನಾವೆಲ್ಲ ನಮ್ಮ ನಮ್ಮ ಕಪ್ಪಿನೊಳಗೆ ನೋಡಿಕೊಂಡೆವು.

ಇಂಗ್ಲೆಂಡಿನ ಪೂರ್ವಕ್ಕಿರುವ ನಮ್ಮ ನಾರ್ಫಕ್ ಕಡೆಯ ಊರುಗಳ ಹೆಸರು ಬರೆಯುವಾಗ ಉದ್ದ, ಕರೆಯುವಾಗ ಗಿಡ್ಡ. ಪಕ್ಕದ ಪೇಟೆಯ ಬೋರ್ಡನ್ನು ಇದ್ದ ಹಾಗೆ ಓದಿದರೆ ವೈಮಂಡ್‌ಹ್ಯಾಮ್, ಕರೆಯುವುದು ವಿಂಡಮ್. ಸಮುದ್ರದ ಅಂಚಿನಲ್ಲಿ ಹ್ಯಾಪಿಸ್‌ಬರ್ಗ್ ಎಂದು ಬರೆದ ಊರಿದೆ, ಅಲ್ಲಿಯವರ ಬಾಯಲ್ಲಿ ಅದು ಹೇಜ್‌ಬರ. ನಮ್ಮ ಊರಿನ ಬೋರ್ಡಿನ ಮೇಲಿರುವುದು ವುಲ್ವರ್‌ಡಿಸ್‌ಹ್ಯಾಮ್. ಇಲ್ಲಿ ಹುಟ್ಟಿದವರಿಗೆ, ಮದುವೆಯಾಗಿ ಬಂದವರಿಗೆ, ಬೀಟ್ ಗಡ್ಡೆ ತುಂಬಲು ಬರುವ ಲಾರಿಯವರಿಗೆ, ಎಲ್ಲರಿಗೂ ಅದು ವುಲ್ಸಮ್. ಈ ಕಡೆ ಗಾಳಿ ಜೋರು, ಬಾಯಿ ಜಾಸ್ತಿ ಹೊತ್ತು ತೆರೆದಿಟ್ಟರೆ ಹಲ್ಲು ನೋಯುತ್ತದೆ, ಅದಕ್ಕೇ ಹೀಗೆ ಎಂದು ನಮ್ಮೂರಿನ ಹಳಬ ವಾಲ್ಟರ್ ಗೂಚ್ ಹೇಳುತ್ತಾನೆ. ಇರಬಹುದು.

ವಿಂಡಮ್, ಹೇಜ್‌ಬರಗಳ ಹೆಸರು ಟಿವಿಯಲ್ಲಿ ಬರುತ್ತಿರುತ್ತದೆ. ಹೊರಗಿನವರೂ ಕೇಳಿ ಕಲಿಯುತ್ತಾರೆ. ನಮ್ಮೂರು ಟಿವಿಗೆ ಬರುವಂಥ ಕೆಲಸ ಯಾವುದನ್ನೂ ಈವರೆಗೆ ಮಾಡಿಲ್ಲ.

ಐರಿಸ್ ಮತ್ತು ಅವಳ ಗಂಡ ಡೆಸ್ಮಂಡ್ ಹ್ಯಾಲಿಫ್ಯಾಕ್ಸ್‌ನಿಂದ ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾಯಿತು. ಯಾರ್ಕ್‌ಷೈರ್‌ನವರು. ಅವನ ಎದೆ ಸರಿಯಿರಲಿಲ್ಲ, ಒಣ ಹವೆಯ ಕಡೆ ಹೋಗಿ ಎಂದು ಡಾಕ್ಟರು ಹೇಳಿದ್ದರು. ಬಂದ ಮೊದಲ ವಾರ ಕಸದ ಗಾಡಿ ಯಾವತ್ತು ಬರುತ್ತದೆ ಎಂದು ಕೇಳಲು ನನ್ನ ಪಬ್ಬಿಗೆ ಬಂದ ಐರಿಸ್, ಗಲ್ಲಾದ ಮುಂದೆ ನಿಂತು ಹೇಳಿದಳು: "ವುಲ್ವರ್‌ಡಿಸ್‌ಹ್ಯಾಮ್. ಎಂಥ ಚೆಂದದ ಹೆಸರು ನಿಮ್ಮೂರಿಗೆ."

ಅಕ್ಷರ ಅಕ್ಷರವನ್ನೂ ಹೊಸ ಪಿಂಗಾಣಿ ತಟ್ಟೆಯ ಹಾಗೆ ಎತ್ತಿ ಇಟ್ಟಳು. ಪಕ್ಕದಲ್ಲಿ ಕಾಲಿನ್ ಮೇಸ್ ಕೂತಿದ್ದ, ಈಗ ಬಸ್ ಸಮಿತಿಯ ಅಧ್ಯಕ್ಷನಾಗಿರುವವನು. ಅವನು ಬಾಯಿ ತೆರೆದ, ಮುಚ್ಚಿದ, ಆಮೇಲೆ ಹೇಳಿದ: "ಹೌದು ಮೇಡಂ. ವುಲ್ವರ್‌ಡಿಸ್‌ಹ್ಯಾಮ್ ಒಳ್ಳೇ ಊರು."

ಹೊಸದಾಗಿ ಬಂದವರ ಮಾತು ತಿದ್ದುವುದೆಂದರೆ ನಮ್ಮಲ್ಲಿ, ಮನೆಗೆ ಬಂದವರ ಕಾಲುಚೀಲದ ತೂತನ್ನು ತೋರಿಸಿದ ಹಾಗೆ. ಯಾರೂ ಮಾಡುವುದಿಲ್ಲ. ಕಾಲಿನ್ ಹಾಗೆ ಹೇಳಿದ್ದರಿಂದ ಉಳಿದವರೂ ಹಾಗೇ ಹೇಳಬೇಕಾಯಿತು. ಅವಳಿದ್ದಾಗ ವುಲ್ವರ್‌ಡಿಸ್‌ಹ್ಯಾಮ್, ಅವಳು ಬಾಗಿಲು ದಾಟಿದ ಮೇಲೆ ವುಲ್ಸಮ್. ಕಷ್ಟವೇನೂ ಆಗಲಿಲ್ಲ, ದಿನನಿತ್ಯದ ಮಾತಿನಲ್ಲಿ ತಮ್ಮೂರಿನ ಹೆಸರನ್ನು ಯಾರು ಎಷ್ಟು ಸಲ ಹೇಳುತ್ತಾರೆ? "ಇಲ್ಲಿ" ಅಂದರೆ ಮುಗಿಯಿತು.

ಡೆಸ್ಮಂಡ್ ಚುರುಕು. ನಮ್ಮ ಪಬ್ಬಿನ ಗುರುವಾರದ ಡಾರ್ಟ್ಸ್ ತಂಡಕ್ಕೆ ಸೇರಿದ ತಿಂಗಳಲ್ಲೇ ಹಿಡಿದುಬಿಟ್ಟ. ಒಂದು ದಿನ ಲೋಟ ವಾಪಸು ಕೊಡುತ್ತಾ ಮೆಲ್ಲಗೆ ಕೇಳಿದ: "ಬೆರಿಲ್, ಇದು ವುಲ್ಸಮ್ ಅಲ್ಲವಾ?"

"ಹೌದು."

"ಐರಿಸ್‌ಗೆ ಈಗಲೇ ಹೇಳಬೇಡಿ. ಸ್ಕೂಲು, ಅಕ್ಕ, ಚರ್ಚಿನ ಹಾಡಿನ ಗುಂಪು, ಎಲ್ಲ ಬಿಟ್ಟು ನನ್ನ ಎದೆಗೋಸ್ಕರ ಬಂದಿದ್ದಾಳೆ. ಇಲ್ಲಿ ಅವಳಿಗೆ ಇಷ್ಟ ಆಗಿರೋದು ಇಲ್ಲೀವರೆಗೆ ಒಂದೇ, ಆ ಹೆಸರು. ಹೊತ್ತು ನೋಡಿ ನಾನೇ ಹೇಳ್ತೀನಿ."

ಹೊತ್ತು ಸಿಗಲಿಲ್ಲ. ಮೊದಲ ವರ್ಷ ಹೇಳುವುದು ಸುಲಭವಿತ್ತು, ಮೂರನೆಯ ವರ್ಷ ಕಷ್ಟವಾಯಿತು, ಆರನೆಯ ವರ್ಷಕ್ಕೆ ಆಗದ ಮಾತಾಯಿತು. ಎರಡು ವರ್ಷದ ಹಿಂದೆ ಡೆಸ್ಮಂಡ್ ತೀರಿಕೊಂಡ. ಚರ್ಚಿನಲ್ಲಿ ಐರಿಸ್ ಎದ್ದು ನಿಂತು, ವುಲ್ವರ್‌ಡಿಸ್‌ಹ್ಯಾಮ್ ನನ್ನ ಗಂಡನಿಗೆ ಹನ್ನೆರಡು ವರ್ಷ ಉಸಿರು ಕೊಟ್ಟಿತು ಎಂದಳು. ಪಾದ್ರಿಯೂ ಪ್ರಾರ್ಥನೆಯಲ್ಲಿ ಹಾಗೇ ಹೇಳಿದರು. ಆರು ಊರಿಗೆ ಒಬ್ಬರೇ ಪಾದ್ರಿ, ದೂರದಲ್ಲಿದ್ದಾರೆ, ನಮ್ಮೂರಿನ ಹೆಸರು ಅವರು ಕಲಿತದ್ದೇ ಐರಿಸ್‌ಳಿಂದ.

ಅದಾದ ಮೇಲೆ ಅವಳು ಬಸ್ಸಿನ ಕೆಲಸಕ್ಕೆ ಬಿದ್ದಳು. ನಮ್ಮ ಬಸ್ಸು ನಿಂತುಹೋಗದೆ ಇರುವುದು ಅವಳಿಂದ. ಜಿಲ್ಲಾ ಕಚೇರಿಗೆ ಫೋನು ಮಾಡಿ ಮಾಡಿ ಅಲ್ಲಿಯವರನ್ನು ಸುಸ್ತು ಮಾಡುವ ಕಲೆ ಅವಳಿಗೆ ಗೊತ್ತಿದೆ.

ಈಗ ಅವಳದೇ ದನಿ ಬಸ್ಸಿನಲ್ಲಿ ದಿನಕ್ಕೆ ಎಂಟು ಸಲ ನಮ್ಮೂರಿನ ಹೆಸರು ಕೂಗಲಿತ್ತು. ಪಕ್ಕದ ಊರುಗಳವರೂ ಅದೇ ಬಸ್ಸು ಹತ್ತುತ್ತಾರೆ. ಅವರಿಗೆ ನಮ್ಮ ಒಪ್ಪಂದ ಗೊತ್ತಿಲ್ಲ, ನಗುತ್ತಾರೆ.

ಸಭೆ ಮುಗಿದು ಐರಿಸ್ ಮನೆಗೆ ಹೋದ ಮೇಲೆ ಕುರ್ಚಿ ಎತ್ತಿಡುತ್ತಾ ಶುರುವಾಯಿತು.

"ಬೆರಿಲ್, ನೀನು ಹೇಳು," ಎಂದ ಕಾಲಿನ್. "ನೀನು ಹೆಂಗಸು."

"ನೀನು ಅಧ್ಯಕ್ಷ. ಮೊದಲು ಶುರು ಮಾಡಿದವನೂ ನೀನೇ."

"ಪಾದ್ರಿ ಹೇಳಲಿ."

"ಪಾದ್ರಿಗೆ ಮೊದಲು ಯಾರು ಹೇಳ್ತಾರೆ?"

"ನಾನು ಹೇಳ್ತೀನಿ," ಎಂದ ವಾಲ್ಟರ್.

"ನೀನು ಬೇಡ," ಎಂದೆವು ನಾವೆಲ್ಲ ಒಟ್ಟಿಗೆ.

ವಾಲ್ಟರ್‌ಗೆ ಎಂಬತ್ತು ದಾಟಿದೆ. ಬೀಟ್ ಗಡ್ಡೆಯ ಲಾರಿ ಓಡಿಸುತ್ತಿದ್ದವನು, ಈಗ ಎರಡು ಕಣ್ಣೂ ಕಾಣುವುದಿಲ್ಲ. ಬಸ್ಸಿಗೆ ಯಂತ್ರ ಹಾಕಿಸಿದ್ದೇ ಅವನಿಂದಾಗಿ. ಎರಡು ಸಲ ಬೇರೆ ಊರಿನಲ್ಲಿ ಇಳಿದು, ಯಾರದೋ ತೋಟದಲ್ಲಿ ನಿಂತು ತನ್ನ ಮನೆಯ ಬಾಗಿಲು ಹುಡುಕಿದ್ದ. ಅವನ ಬಾಯಿಗೆ ಮಾತ್ರ ಬೇಲಿಯೂ ಇಲ್ಲ, ಬ್ರೇಕೂ ಇಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಪಬ್ಬಿನಲ್ಲಿ ಊಟದ ಗದ್ದಲ. ದನದ ಮಾಂಸದ ರೋಸ್ಟು, ಆಲೂಗಡ್ಡೆ, ಹಿಟ್ಟು ಮೊಟ್ಟೆ ಕಲಸಿ ಉಬ್ಬಿಸಿ ಬೇಯಿಸಿದ ಯಾರ್ಕ್‌ಷೈರ್ ಪುಡ್ಡಿಂಗ್ ಎಂದು ತಟ್ಟೆ ಹೊತ್ತು ನಾನು ಓಡಾಡುತ್ತಿದ್ದೆ. ಮಾತು ಮತ್ತೆ ಅಲ್ಲಿಗೇ ಬಂತು.

"ಯಂತ್ರ ತರಿಸಿದ್ದು ಯಾರಿಗೆ? ನನಗೆ," ಎಂದ ವಾಲ್ಟರ್. "ನಾನು ಇಳಿಯೋದು ವುಲ್ಸಮ್‌ನಲ್ಲಿ. ಅದು ಇನ್ನೇನೋ ಉದ್ದಕ್ಕೆ ಹಾಡ್ತಾ ಕೂತರೆ ಅಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತೆ."

"ಮೆಲ್ಲಗೆ ಮಾತಾಡು ಮಾರಾಯ," ಎಂದ ಕಾಲಿನ್. "ಪಾಪ, ಅವರಿಗೇನು ಗೊತ್ತು? ಹದಿಮೂರು ವರ್ಷದಿಂದ ವುಲ್ವರ್‌ಡಿಸ್‌ಹ್ಯಾಮ್, ವುಲ್ವರ್‌ಡಿಸ್‌ಹ್ಯಾಮ್ ಅಂತ ಹೇಳ್ಕೊಂಡು ಓಡಾಡ್ತಿದ್ದಾರೆ. ನಮ್ಮಲ್ಲಿ ಒಬ್ಬರಾದರೂ ಬಾಯಿ ಬಿಟ್ಟಿದ್ದೀವಾ?"

ಯಾರೋ ನಕ್ಕರು. ನಾನು ತಿರುಗಿ ನೋಡಿದರೆ ಅಡಿಗೆಮನೆಯ ಬಾಗಿಲಲ್ಲಿ ಐರಿಸ್ ನಿಂತಿದ್ದಳು, ಕೈಯಲ್ಲಿ ತನ್ನ ತೋಟದ ರುಬಾರ್ಬ್ ಎಂಬ ಹುಳಿ ದಂಟಿನ ಕಟ್ಟು. ವಸಂತದಲ್ಲಿ ಅವಳು ಹಿಂದಿನ ಬಾಗಿಲಿನಿಂದ ತಂದುಕೊಟ್ಟು ಹೋಗುವುದು ರೂಢಿ.

ಕಾಲಿನ್ ಆ ಹೊತ್ತಿನಲ್ಲಿ ಮಾಡಬಾರದ ಕೆಲಸ ಮಾಡಿದ. ಎದ್ದು ನಿಂತು, "ಬನ್ನಿ ಐರಿಸ್," ಎಂದ, "ನಮ್ಮ ವುಲ್ವರ್‌ಡಿಸ್‌ಹ್ಯಾಮ್‌ನಲ್ಲಿ ನಿಮ್ಮಷ್ಟು ಒಳ್ಳೇ ರುಬಾರ್ಬ್ ಯಾರೂ ಬೆಳೆಯಲ್ಲ."

ಅವಳ ಮುಖ ಮೊದಲು ಕೆಂಪಾಯಿತು, ಆಮೇಲೆ ಸುಣ್ಣವಾಯಿತು. ಕಟ್ಟನ್ನು ಗಲ್ಲಾದ ಮೇಲಿಟ್ಟು ನನ್ನನ್ನು ಕೇಳಿದಳು: "ಡೆಸ್ಮಂಡ್‌ಗೆ ಗೊತ್ತಿತ್ತಾ, ಬೆರಿಲ್?"

ಸುಳ್ಳು ಹೇಳಬಹುದಿತ್ತು. ಆದರೆ ಅಷ್ಟು ಜನ ತಲೆ ತಗ್ಗಿಸಿ ಕೂತಿರುವಾಗ ನನ್ನೊಬ್ಬಳ ಸುಳ್ಳು ನಿಲ್ಲುತ್ತಿರಲಿಲ್ಲ.

"ಗೊತ್ತಿತ್ತು."

ಅವಳು ತಲೆಯಾಡಿಸಿ, ಬಂದ ಬಾಗಿಲಿನಿಂದಲೇ ಹೋದಳು.

ಸ್ವಲ್ಪ ದಿನಕ್ಕೆ ಅವಳ ಮನೆಯ ಮುಂದೆ ಮಾರಾಟದ ಬೋರ್ಡು ನಿಂತಿತು. ತನ್ನ ಹತ್ತಿರ ಇರುತ್ತಿದ್ದ ಬಸ್ಸಿನ ಕೀಲಿಗಳನ್ನು ಲಕೋಟೆಯಲ್ಲಿ ಹಾಕಿ ಕಾಲಿನ್‌ನ ಬಾಗಿಲ ಸಂದಿಯಿಂದ ಒಳಗೆ ಬಿಟ್ಟಿದ್ದಳು, ಜೊತೆಗೆ ಒಂದು ಸಾಲೂ ಇರಲಿಲ್ಲ. ಊರವರು ಅವಳ ಮನೆಯ ಮುಂದೆ ಹಾಯುವಾಗ ರಸ್ತೆಯ ಆಚೆ ಬದಿಗೆ ಹೋಗತೊಡಗಿದರು. ನಾಚಿಕೆಯಾದರೆ ನಾವು ಹಾಗೇ. ಅದು ಅವಳಿಗೆ ಇನ್ನೊಂದು ಪೆಟ್ಟು ಎಂದು ಯಾರಿಗೂ ಹೊಳೆಯುವುದಿಲ್ಲ.

ಹೀಗೆ ಬಿಟ್ಟರೆ ಆಗದು ಎಂದು ನಾನು ಮಂಗಳವಾರ ಬೆಳಿಗ್ಗೆ ಹೊರಟೆ. ಗೇಟಿನ ಹತ್ತಿರ ವಾಲ್ಟರ್ ಕೋಲು ಹಿಡಿದು ಕಾಯುತ್ತಿದ್ದ.

"ನಾನೂ ಬರ್ತೀನಿ."

"ನೀನು ಬಂದರೆ ಕೆಡುತ್ತೆ."

"ಇನ್ನೂ ಕೆಡೋಕೆ ಏನು ಉಳಿದಿದೆ? ನಡಿ."

ಐರಿಸ್ ಅಡಿಗೆಮನೆಯಲ್ಲಿ ಲೋಟಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದಳು. ಕೂರಿ ಎನ್ನಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಕೆಟಲ್ ಹಚ್ಚಿದಳು. ಎಷ್ಟು ಸಿಟ್ಟಿದ್ದರೂ ಆ ಕೈ ತಾನಾಗಿ ಕೆಟಲ್ಲಿಗೆ ಹೋಗುತ್ತದೆ, ನಮ್ಮವರಿಗೆ ಹೇಗೋ ಅವರ ಕಡೆಯವರಿಗೂ ಹಾಗೇ.

"ಅಕ್ಕನ ಮನೆ ಹತ್ತಿರ ಒಂದು ಫ್ಲ್ಯಾಟು ನೋಡಿದ್ದೀನಿ," ಎಂದಳು. "ಡೆಸ್ಮಂಡ್ ಇಲ್ಲೇ ಇರಲಿ. ಅವನು ನಿಮ್ಮವನೇ ತಾನೆ."

"ಹಾಗೆ ಹೇಳಬೇಡಿ."

"ಇನ್ನು ಹೇಗೆ ಹೇಳಲಿ? ಅವನ ಹೆಣದ ಮುಂದೆ ನಿಂತು ನಾನು ಊರಿನ ಹೆಸರು ತಪ್ಪು ಹೇಳಿದೆ. ನೀವೆಲ್ಲ ಕೇಳ್ತಾ ಕೂತಿದ್ರಿ. ಎಷ್ಟು ಜನಕ್ಕೆ ನಗು ಬಂತು, ಬೆರಿಲ್?"

"ಒಬ್ಬರಿಗೂ ಬರಲಿಲ್ಲ. ದೇವರಾಣೆ."

"ಅದು ಇನ್ನೂ ಕೆಟ್ಟದ್ದು. ಮಗೂನ ಸಹಿಸಿಕೊಂಡ ಹಾಗೆ ಸಹಿಸಿಕೊಂಡಿದ್ದೀರಿ. ಗುರುವಾರ ಗುರುವಾರ ಅವನು ನಿಮ್ಮ ಜೊತೆ ಒಂದು ಊರಲ್ಲಿ ಇರ್ತಿದ್ದ, ಮನೆಗೆ ಬಂದು ನನ್ನ ಜೊತೆ ಇನ್ನೊಂದು ಊರಲ್ಲಿ. ನಾನು ಇಲ್ಲಿ ನೆಂಟಳಾಗೇ ಇದ್ದೆ, ಅಷ್ಟೇ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಡೆಸ್ಮಂಡ್ ಯಾಕೆ ಬೇಡ ಅಂದಿದ್ದ ಎಂಬುದನ್ನು ನಾನು ಹೇಳಿದೆ, ಆ ಹೆಸರು ಅವಳಿಗೆ ಇಷ್ಟವಾಗಿತ್ತು ಎಂಬುದನ್ನು. ಅವಳು ಲೋಟ ಸುತ್ತುವುದನ್ನು ನಿಲ್ಲಿಸಿ ಕೇಳಿದಳು. ಆದರೂ ಮುಖ ಸಡಿಲವಾಗಲಿಲ್ಲ. ಸತ್ತ ಗಂಡನ ಒಳ್ಳೆಯತನವನ್ನು ಬೇರೆ ಹೆಂಗಸಿನ ಬಾಯಿಂದ ಕೇಳುವುದು ಯಾರಿಗೆ ಸೇರುತ್ತದೆ?

ಆಗ ವಾಲ್ಟರ್ ಕೋಲನ್ನು ನೆಲಕ್ಕೆ ಕುಟ್ಟಿದ.

"ನಿನ್ನ ಬೇಲಿ ದಾರಿಗೆ ಬಂದಿದೆ, ಐರಿಸ್."

"ಏನು?"

"ಮುಂದಿನ ಮುಳ್ಳುಗಿಡದ ಬೇಲಿ. ಡೆಸ್ಮಂಡ್ ಹಾಸಿಗೆ ಹಿಡಿದಾಗಿನಿಂದ ಅದಕ್ಕೆ ಕತ್ತರಿ ಬಿದ್ದಿಲ್ಲ. ಬಸ್ಸಿಗೆ ಹೋಗೋವಾಗ ಒಂದು ಸಲ, ಬರೋವಾಗ ಒಂದು ಸಲ ನನ್ನ ಮುಖಕ್ಕೆ ಬಾರಿಸುತ್ತೆ. ಇಲ್ಲಿ ನೋಡು."

ಕೆನ್ನೆ ತಿರುಗಿಸಿ ತೋರಿಸಿದ. ಹಳೆಯ ಗೀರುಗಳ ಮೇಲೆ ಹೊಸದೊಂದು, ಕಣ್ಣಿನ ಕೆಳಗೇ.

ಐರಿಸ್ ಹತ್ತಿರ ಬಂದು ನೋಡಿದಳು. "ಅಯ್ಯೋ ವಾಲ್ಟರ್. ಯಾಕೆ ಹೇಳಲಿಲ್ಲ?"

"ಹೇಳೋಕೆ ಇವರು ಬಿಟ್ಟರಾ? ಗಂಡ ಮಲಗಿದಾನೆ, ಈಗ ಬೇಡ ಅಂದರು. ಗಂಡ ಹೋದ, ಪಾಪ, ಈಗ ಬೇಡ ಅಂದರು. ಕಣ್ಣಿಲ್ಲದವನ ಮುಖ ಹರಿದರೂ ಪರವಾಗಿಲ್ಲ, ನಿನ್ನ ಮನಸ್ಸಿಗೆ ಬೇಜಾರಾಗಬಾರದು. ಅಂಥ ಊರು ಇದು. ನಿನ್ನೊಬ್ಬಳಿಗೇ ಆಯ್ತು ಅಂದ್ಕೊಂಡಿದ್ದೀಯಾ?"

ಐರಿಸ್ ಕುರ್ಚಿಯ ಮೇಲೆ ಕೂತಳು. ಸ್ವಲ್ಪ ಹೊತ್ತು ಅವಳ ಭುಜ ಅಲ್ಲಾಡಿತು. ಅಳುತ್ತಿದ್ದಾಳೆ ಎಂದು ನಾನು ಎದ್ದೆ. ನೋಡಿದರೆ ಅರ್ಧ ಅಳು, ಅರ್ಧ ನಗು.

"ಇನ್ನೇನಿದೆ?" ಎಂದಳು ಕಣ್ಣೊರಸಿಕೊಂಡು. "ಇರೋದನ್ನೆಲ್ಲ ಹೇಳಿಬಿಡಿ. ಬೆರಿಲ್, ನೀನು ಹೇಳು."

ನಾನು ಯೋಚಿಸಿದೆ. "ನಿನ್ನ ಚಹಾ ತುಂಬ ಕಡು. ಸಮಿತಿಯವರು ಅರ್ಧ ಕುಡಿದು ಉಳಿದದ್ದನ್ನ ಹೂಕುಂಡಕ್ಕೆ ಹಾಕ್ತಾರೆ."

"ಅದಕ್ಕೇನಾ ಆ ಗಿಡ ಸತ್ತದ್ದು?"

"ಕಾರು ನಿಲ್ಲಿಸೋವಾಗ ಕಾಲಿನ್ ಗೇಟಿಗೆ ಅಡ್ಡ ನಿಲ್ಲಿಸ್ತೀಯ. ಅವನು ಸೈಕಲ್ಲನ್ನ ಗೋಡೆ ಮೇಲಿಂದ ಎತ್ತಿ ದಾಟಿಸ್ತಾನೆ."

"ಆ ಬೊಜ್ಜು ಇಟ್ಕೊಂಡು?" ಎಂದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಳು, ಪಾಠ ಹೇಳುವವರ ಹಾಗೆ. "ಸರಿ. ಈಗ ನನ್ನ ಸರದಿ. ನೀವು ಮಾತ್ರ ಮರ್ಯಾದಸ್ಥರು ಅಂದ್ಕೊಂಡಿದ್ದೀರಾ? ನಿನ್ನ ಭಾನುವಾರದ ಯಾರ್ಕ್‌ಷೈರ್ ಪುಡ್ಡಿಂಗ್ ಇದೆಯಲ್ಲ ಬೆರಿಲ್, ಅದು ಪುಡ್ಡಿಂಗ್ ಅಲ್ಲ, ಚಪ್ಪಲಿಯ ಅಟ್ಟೆ. ನಮ್ಮ ಹ್ಯಾಲಿಫ್ಯಾಕ್ಸ್‌ನಲ್ಲಿ ನಾಯಿ ಕೂಡ ಮೂಸಿ ನೋಡಿ ಮುಂದೆ ಹೋಗುತ್ತೆ."

ನನಗೆ ನಿಜಕ್ಕೂ ಪೆಟ್ಟಾಯಿತು. "ಡೆಸ್ಮಂಡ್ ಎರಡೆರಡು ಕೇಳಿ ಹಾಕಿಸ್ಕೊಂಡು ತಿಂತಿದ್ದ. ನಮ್ಮಮ್ಮನ ಕೈರುಚಿ ನೆನಪಾಗುತ್ತೆ ಅಂತಿದ್ದ."

"ಅವರಮ್ಮನಿಗೆ ಅಡಿಗೆ ಬರ್ತಿರಲಿಲ್ಲ. ಮನೆಗೆ ಬಂದು ಹೊಟ್ಟೆ ಹಿಡ್ಕೊಂಡು ಮಲಗ್ತಿದ್ದ. ಬೆರಿಲ್‌ಗೆ ಹೇಳಬೇಡ, ಬೇಜಾರು ಮಾಡ್ಕೊತಾಳೆ, ಹೊತ್ತು ನೋಡಿ ನಾನೇ ಹೇಳ್ತೀನಿ ಅಂತಿದ್ದ."

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ವಾಲ್ಟರ್ ಮೊದಲು ನಕ್ಕ.

"ಅಂದರೆ ಎರಡೂ ಕಡೆ ಅದೇ ಮಾತು," ಎಂದಳು ಐರಿಸ್. "ಅವನಿಗೆ ಹೊತ್ತು ಅನ್ನೋದು ಎಲ್ಲೂ ಸಿಗಲಿಲ್ಲ."

ಅವಳು ಎದ್ದು ಹಿತ್ತಿಲಿಗೆ ಹೋದಳು. ಕತ್ತರಿ ಹಿಡಿದು ಬಂದು, ಮುಂದಿನ ಬಾಗಿಲು ತೆಗೆದು, ಏಪ್ರನ್ನಿನಲ್ಲೇ ಬೇಲಿ ಕತ್ತರಿಸತೊಡಗಿದಳು. ನಾನು ಬಿದ್ದ ಟೊಂಗೆಗಳನ್ನು ಎಳೆದು ಹಾಕಿದೆ. ವಾಲ್ಟರ್ ದಾರಿಯಲ್ಲಿ ಹಿಂದೆ ಮುಂದೆ ನಡೆದು, "ಇನ್ನೂ ಒಂದು ಗೇಣು, ಇಲ್ಲಿ, ಕಿವಿ ಹತ್ತಿರ," ಎಂದು ಅಳತೆ ಕೊಟ್ಟ. ಆಚೆ ಬದಿಯಲ್ಲಿ ಹೋಗುತ್ತಿದ್ದವರು ಒಬ್ಬೊಬ್ಬರಾಗಿ ಈಚೆ ಬಂದರು. ಮೊದಲು ಬಂದವರಿಗೆ ಐರಿಸ್, "ನನ್ನ ಬಗ್ಗೆ ಏನು ದೂರಿದೆ, ಬೇಗ ಹೇಳಿ, ಕೈ ನೋಯ್ತಿದೆ," ಎಂದಳು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಮುಟ್ಟಿತ್ತು. ಕಾಲಿನ್ ಕೀಲಿಗಳನ್ನು ತಂದು ಕೊಟ್ಟ. ಗೇಟಿನ ವಿಷಯ ಎತ್ತಿದ್ದಕ್ಕೆ, ಅವನು ಚರ್ಚಿನಲ್ಲಿ ಹಾಡುವುದನ್ನು ಬಿಟ್ಟರೆ ತಾನೂ ಕಾರು ತೆಗೆಯುತ್ತೇನೆ ಎಂದಳಂತೆ.

ದನಿ ತುಂಬುವ ಕೆಲಸ ಅದೇ ಶನಿವಾರ ನಡೆಯಿತು, ನಿಂತ ಬಸ್ಸಿನಲ್ಲಿ, ಕಿಟಕಿಗಳನ್ನೆಲ್ಲ ಮುಚ್ಚಿ. ಯಂತ್ರವನ್ನು ಕಾಲಿನ್ ತೊಡೆಯ ಮೇಲಿಟ್ಟುಕೊಂಡಿದ್ದ. ವಿಂಡಮ್ ಸೇರಿ ಬೇರೆ ನಿಲ್ದಾಣಗಳನ್ನೆಲ್ಲ ಐರಿಸ್ ಒಂದೇ ಉಸಿರಿಗೆ ಮುಗಿಸಿದಳು. ನಮ್ಮೂರಿನ ಹೆಸರು ಬಂದಾಗ ನಿಂತಳು.

"ಅವನು ಹೇಗೆ ಹೇಳ್ತಿದ್ದ?" ಎಂದು ನನ್ನನ್ನು ಕೇಳಿದಳು.

ಡಾರ್ಟ್ಸ್‌ನಲ್ಲಿ ಗೆದ್ದಾಗ ಹಲಗೆಯಿಂದ ಬಾಣ ಕೀಳುತ್ತಾ ಡೆಸ್ಮಂಡ್ ಅದನ್ನು ಹೇಳುತ್ತಿದ್ದ, ಎದೆಯಲ್ಲಿ ಉಸಿರು ಕಡಿಮೆ ಇದ್ದುದರಿಂದ ನಮಗಿಂತ ಗಿಡ್ಡಕ್ಕೆ. ಹಾಗೆ ಹೇಳಿ ತೋರಿಸಿದೆ.

ಐರಿಸ್ ಪ್ರಯತ್ನಿಸಿದಳು. ಅವಳ ಕಡೆಯ ನಾಲಿಗೆಗೆ ಅದು ಅಗಲವಾಯಿತು.

"ಇನ್ನೂ ಗಿಡ್ಡ ಮಾಡು ತಾಯಿ," ಎಂದ ಮುಂದಿನ ಸೀಟಿನಲ್ಲಿದ್ದ ವಾಲ್ಟರ್. "ನಾನು ಇಳಿಯೋದಿದೆ."

ಮತ್ತೆ ಹೇಳಿದಳು.

"ಈಗ ನುಂಗಿಬಿಟ್ಟೆ. ಸ್ವಲ್ಪ ಹೊರಗೆ ಬಿಡು."

"ವಾಲ್ಟರ್, ನಿನಗೆ ಯಾರಾದರೂ ಪಾಠ ಹೇಳಿದ್ದರಾ, ಅವರ ಹೆಸರು ಹೇಳು, ಹೋಗಿ ಸಮಾಧಾನ ಮಾಡಿ ಬರ್ತೀನಿ," ಎಂದಳು ಐರಿಸ್. ಆಮೇಲೆ ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲ ಹೇಳಿದಳು. "ವುಲ್ಸಮ್."

ಬಸ್ಸಿನಲ್ಲಿ ಯಾರೂ ತಿದ್ದಲಿಲ್ಲ. ಅವಳು ಕಣ್ಣು ತೆರೆದು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು.

"ನಿಜವಾಗಲೂ ಸರಿ ಇದೆಯಾ, ಇಲ್ಲಾ ಪಾಪ ಅಂತ ಸುಮ್ಮನಿದ್ದೀರಾ?"

"ಸರಿ ಇದೆ," ಎಂದ ವಾಲ್ಟರ್. ಅವನು ಹೇಳಿದ್ದರಿಂದ ಅವಳು ನಂಬಿದಳು. ಕಾಲಿನ್ ಗುಂಡಿ ಒತ್ತಿ ಅದನ್ನು ಯಂತ್ರದಲ್ಲಿ ಕಾಯಂ ಮಾಡಿದ.

ಮಾರಾಟದ ಬೋರ್ಡನ್ನು ತೆಗೆದು ವರ್ಷವಾಗುತ್ತ ಬಂತು. ಐರಿಸ್ ಊರು ಬಿಡಲಿಲ್ಲ. ವಾಲ್ಟರ್ ಸರಿಯಾದ ಜಾಗದಲ್ಲಿ ಇಳಿಯುತ್ತಾನೆ, ಅವನ ಕೆನ್ನೆ ಮಾಗಿದೆ. ಆದರೆ ಐರಿಸ್ ಡೆಸ್ಮಂಡ್‌ನ ವಿಷಯ ಮೊದಲಿನಷ್ಟು ಎತ್ತುವುದಿಲ್ಲ. ಎತ್ತಿದಾಗ ನಡುವೆ ಒಂದು ಗಳಿಗೆ ನಿಲ್ಲಿಸುತ್ತಾಳೆ, ಅವನು ಹೇಳಿದ್ದರಲ್ಲಿ ಇನ್ನು ಯಾವುದು ತನ್ನ ಸಮಾಧಾನಕ್ಕೆ ಹೇಳಿದ್ದೋ ಎಂದು ಲೆಕ್ಕ ಹಾಕುವವಳ ಹಾಗೆ. ಗಂಡನ ಮಾತನ್ನು ಎರಡನೆಯ ಯೋಚನೆಯಿಲ್ಲದೆ ನಂಬುವ ಸುಖ ಅವಳಿಗಿತ್ತು, ಅದು ಹೋಯಿತು. ಬದಲಿಗೆ ಮುಖಕ್ಕೆ ಮುಖ ಕೊಟ್ಟು ಬೈಯುವ ಒಂದಷ್ಟು ನೆರೆಹೊರೆ ಸಿಕ್ಕಿತು. ಎರಡೂ ಸರಿಸಮ ಎಂದು ನಾನು ಹೇಳುವುದಿಲ್ಲ. ಅವಳೂ ಹೇಳಿಲ್ಲ.